ಅಪ್ಪನ ಲ್ಯಾಬು, ಮಗನ ಸೀಟು

ಮೆಡಿಕಲ್ ಸೀಟು ಕೇಳುವ ಮುನ್ನ ಸಂಶೋಧನಾಲಯದಲ್ಲಿ ದುಡಿದು ತೋರಿಸುವುದು ಅಮೆರಿಕದ ರೂಢಿ. ಆ ಸಂಶೋಧನಾಲಯ ಅಪ್ಪನದೇ ಆಗಿದ್ದರೆ? ಯಾದಗಿರಿಯಲ್ಲಿ ಈ ಪೇಚು ಏಳುವುದೇ ಇಲ್ಲ. ಇಲ್ಲಿ ಲ್ಯಾಬ್ ಎಂದರೆ ರಕ್ತ, ಮೂತ್ರ ಪರೀಕ್ಷಿಸುವ ಜಾಗ. ಶಹಾಪುರದ ಹುಡುಗ ಅಪ್ಪನ ಲ್ಯಾಬಿನಲ್ಲಿ ಎಷ್ಟು ಗಾಜು ತೊಳೆದರೂ ನೀಟ್ ಕೊಡುವುದು ಸೊನ್ನೆ. 180 ಪ್ರಶ್ನೆ, 720 ಅಂಕ, ತಪ್ಪಿಗೊಂದು ಕಡಿತ. ಗಾಜು ತೊಳೆದದ್ದಕ್ಕೆ ಕಾಲಂ ಇಲ್ಲ. ಇದೇ ಸರಿ ಎಂಬುದು ನನ್ನ ವಾದ. ಸರ್ಟಿಫಿಕೇಟಿಗೆ ಬೆಲೆ ಬಂದ ಮರುದಿನವೇ ಅಪ್ಪಂದಿರ ಪೆನ್ನು ಓಡತೊಡಗುತ್ತದೆ. ಮನೆಯಲ್ಲಿ ‘ಕುಂತಲ್ಲಿಂದ ಏಳವಲ್ಲ’ ಎಂದು ಬೈಸಿಕೊಳ್ಳುವ ಮಗ ಲೆಟರ್‌ಹೆಡ್ಡಿನ ಮೇಲೆ ‘ಅತ್ಯಂತ ಕ್ರಿಯಾಶೀಲ’ ಆಗಿಬಿಡುತ್ತಾನೆ. ಸುರಪುರದ ಹತ್ತಿ ಹೊಲದವರ ಮಗಳು ಯಾರ ಸಹಿ ತರಬೇಕು?

ಮೇರಿ ಕ್ಯೂರಿಯ ಮಗಳು ಐರೀನ್ ತಾಯಿಯ ಪ್ರಯೋಗಾಲಯದಲ್ಲೇ ಪಳಗಿ, ಗಂಡನ ಜೊತೆ 1935ರಲ್ಲಿ ನೊಬೆಲ್ ಪಡೆಯಲಿಲ್ಲವೇ ಎನ್ನಬಹುದು. ಪಡೆದಳು. ಆದರೆ ತಾಯಿ 1934ರಲ್ಲೇ ತೀರಿಕೊಂಡಿದ್ದರು, ಶಿಫಾರಸಿನ ಅನುಮಾನಕ್ಕೂ ಎಡೆಯಿಲ್ಲ! ನೀಟ್ ಕೋಚಿಂಗಿಗೂ ಅಪ್ಪನ ಜೇಬೇ ಬೇಕಲ್ಲ ಎಂಬ ಆಕ್ಷೇಪ ಮಾತ್ರ ಗಟ್ಟಿ. ಅದಕ್ಕೆ ನನ್ನಲ್ಲಿ ಪೂರಾ ಉತ್ತರವಿಲ್ಲ. ಆದರೂ ನಮ್ಮ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ಕೇಳುವುದು ಯಾವ ಸೀಮೆಯವರೆಂದೇ ಹೊರತು ಯಾರ ಲ್ಯಾಬಿನವರೆಂದಲ್ಲ. ಹಾಗಂತ ಹುಡುಗ ಅಪ್ಪನ ಲ್ಯಾಬಿಗೆ ಕಾಲಿಡಬಾರದೆಂದೇನಿಲ್ಲ. ರಕ್ತ ಕಂಡರೆ ತಲೆ ಸುತ್ತುತ್ತದೋ ಇಲ್ಲವೋ ಎನ್ನುವುದು ಫೀಸು ಕಟ್ಟುವ ಮೊದಲೇ ಗೊತ್ತಾಗಲಿ; ಈ ಒಂದು ಪರೀಕ್ಷೆಯನ್ನು ಅಪ್ಪ ಪುಕ್ಕಟೆ ಮಾಡಿಕೊಡುತ್ತಾನೆ.