ಲಘುವಿಮಾನ ಚೌರ್ಯ ಮೀಮಾಂಸೆ

ಚೋರವಿದ್ಯೆಯೂ ಅರವತ್ತನಾಲ್ಕು ವಿದ್ಯೆಗಳಲ್ಲಿ ಒಂದೆಂದು ಹೇಳುವುದುಂಟು. ಕೋಳಿಗಳ್ಳ, ಕಿಸೆಗಳ್ಳ, ಈಚಿನ ಬೈಕುಗಳ್ಳ ಇವರೆಲ್ಲರ ಲಕ್ಷಣ ಲೋಕಕ್ಕೆ ಗೊತ್ತು. ವಿಮಾನಗಳ್ಳನಿಗೊಬ್ಬ ಲಾಕ್ಷಣಿಕ ಸಿಗಲಿಲ್ಲ ಎಂಬ ವ್ಯಥೆಯೇ ಈ ಪ್ರಬಂಧಕ್ಕೆ ಪ್ರೇರಣೆ.

ಈ ಕ್ಷೇತ್ರದ ಆದ್ಯ ಪ್ರವರ್ತಕ ರಾವಣ. ಅಣ್ಣ ಕುಬೇರನ ಪುಷ್ಪಕವನ್ನು ಕಿತ್ತುಕೊಂಡ. ಮನೆಯೊಳಗಿನ ವ್ಯಾಜ್ಯವೆಂದೋ ಏನೋ, ಯಾರೂ ಠಾಣೆ ಮೆಟ್ಟಿಲು ಹತ್ತಲಿಲ್ಲ. ಕೊನೆಗೆ ಮಾಲು ಶ್ರೀರಾಮನ ಕೈಸೇರಿತು. ಆತನಾದರೂ ಪರಿವಾರಸಮೇತ ಊರು ಮುಟ್ಟಿದ ಮೇಲೆಯೇ ಅದನ್ನು ವಾರಸುದಾರನಿಗೆ ಕಳಿಸಿದ್ದು. ಜಪ್ತಿಯಾದ ವಾಹನವನ್ನು ಒಂದು ಸುತ್ತು ಓಡಿಸಿ ಹಿಂದಿರುಗಿಸುವ ಪದ್ಧತಿಗೆ ಇದಕ್ಕಿಂತ ಹಳೆಯ ಆಧಾರ ಬೇಕಿಲ್ಲ.

‘ವೈಮಾನಿಕ ಶಾಸ್ತ್ರ’ ಎಂಬ ಗ್ರಂಥದ ವಿಮಾನಗಳನ್ನು ಇಲ್ಲಿ ಪರಿಗಣಿಸಿಲ್ಲ. ಅವು ಹಾರಲಾರವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲೇ ತೋರಿಸಿಕೊಟ್ಟಿದ್ದಾರೆ. ಕಳ್ಳರ ಕಾಟವಿಲ್ಲದ ವಿಮಾನಗಳೆಂದರೆ ಅವೇ.

ಇನ್ನು ದೃಷ್ಟಾಂತ. 1956ರ ಸೆಪ್ಟೆಂಬರ್ 30, ನಸುಕಿನ ಮೂರು ಗಂಟೆ. ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಮಾಜಿ ಯೋಧ ನ್ಯೂಯಾರ್ಕಿನ ಬಾರೊಂದರಲ್ಲಿ ಪಂಥ ಕಟ್ಟಿ, ನ್ಯೂಜೆರ್ಸಿಯ ಟೆಟರ್‌ಬರೋಗೆ ಹೋಗಿ, ಅಲ್ಲಿನ ವೈಮಾನಿಕ ಶಾಲೆಯ ಪುಟ್ಟ ವಿಮಾನ ಏರಿದ. ರೇಡಿಯೋ ಇಲ್ಲ, ದೀಪ ಇಲ್ಲ. ಅತ್ತಿತ್ತ ದೀಪದ ಕಂಬಗಳು, ಬದಿಗೆ ನಿಲ್ಲಿಸಿದ ಕಾರುಗಳು. ನಡುವೆ ಸೇಂಟ್ ನಿಕೋಲಸ್ ಅವೆನ್ಯೂ. ಅದರ ಮೇಲೆ, ಅದೇ ಬಾರಿನ ಮುಂದೆ, ಆಟೋ ತಂದು ನಿಲ್ಲಿಸಿದಷ್ಟು ಸಲೀಸಾಗಿ ಇಳಿಸಿದ. ಮಾಲೀಕ ದೂರು ಕೊಡಲೊಲ್ಲೆನೆಂದ; ಕಳ್ಳತನದ ಕೇಸು ಬಿದ್ದುಹೋಯಿತು. ಉಳಿದದ್ದು ಬೀದಿಯಲ್ಲಿ ವಿಮಾನ ಇಳಿಸಬಾರದೆಂಬ ನಗರದ ನಿಯಮ. (ಅಂಥದೊಂದು ನಿಯಮವನ್ನು ಮೊದಲೇ ಬರೆದಿಟ್ಟ ಗುಮಾಸ್ತನ ದೂರದೃಷ್ಟಿಗೆ ಈ ಲೇಖಕನ ದೀರ್ಘದಂಡ ನಮಸ್ಕಾರ.) ದಂಡ ನೂರು ಡಾಲರ್.

ಎರಡು ವರ್ಷದ ತರುವಾಯ ಬಾರಿನಲ್ಲಿ ಇನ್ಯಾರೋ ಈ ಕಥೆಯನ್ನು ನಂಬಲಿಲ್ಲ. ವಿದ್ವಾಂಸನಾದವನು ಪುರಾವೆ ಒದಗಿಸಲೇಬೇಕಲ್ಲ! 1958ರ ಅಕ್ಟೋಬರ್‌ನಲ್ಲಿ ಮತ್ತೆ ಟೆಟರ್‌ಬರೋ, ಮತ್ತೊಂದು ವಿಮಾನ. ಈ ಸಲ ಆ್ಯಮ್‌ಸ್ಟರ್‌ಡ್ಯಾಮ್ ಅವೆನ್ಯೂ. ಮೊದಲ ಸಲವೇ ಬಿಸಿ ಮುಟ್ಟಿಸಿದ್ದರೆ ಹೀಗಾಗುತ್ತಿರಲಿಲ್ಲವೆಂದು ನ್ಯಾಯಾಧೀಶರು ಗೊಣಗಿ ಆರು ತಿಂಗಳ ಸಜೆ ಕೊಟ್ಟರು.

ಇದರಿಂದ ಸಿದ್ಧವಾಗುವ ಪ್ರಮೇಯ: ವಿಮಾನಗಳ್ಳತನದಲ್ಲಿ ಅಧಿಕಾರಿಗಳ ಕಣ್ಣಿಗೆ ಮೊದಲು ಬೀಳುವುದು ಏರಿದ್ದಲ್ಲ, ಇಳಿದದ್ದು. ಆಕ್ಷೇಪಿಸುವವರು 2010ಕ್ಕೆ ಬನ್ನಿ. ‘ಬರಿಗಾಲ ಕಳ್ಳ’ನೆಂದು ಹೆಸರಾದ, ಪೈಲಟ್ ಲೈಸೆನ್ಸಿಲ್ಲದ ಹತ್ತೊಂಬತ್ತರ ಹುಡುಗ ಕೋಲ್ಟನ್ ಹ್ಯಾರಿಸ್-ಮೂರ್, ಅಮೆರಿಕದ ಇಂಡಿಯಾನಾದಲ್ಲಿ ಕದ್ದ ಸೆಸ್ನಾವನ್ನು ಬಹಾಮಾಸ್ ದ್ವೀಪದ ನೀರಿಗೆ ಇಳಿಸಿದ. ಎಫ್‌ಬಿಐ ಅವನ ಸುಳಿವಿಗೆ ಹತ್ತು ಸಾವಿರ ಡಾಲರ್ ಇನಾಮು ಸಾರಿತ್ತು. ಬಹಾಮಾಸ್‌ ಕೋರ್ಟಿನಲ್ಲಿ ಅವನು ಒಪ್ಪಿಕೊಂಡ ತಪ್ಪು ಅನುಮತಿಯಿಲ್ಲದೆ ಇಳಿದದ್ದು! ದಂಡ ಮುನ್ನೂರು ಡಾಲರ್. ಏರಿದ ತಪ್ಪಿನ ಲೆಕ್ಕ ಅವನಿಗೆ ಸಿಕ್ಕಿದ್ದು ಅಮೆರಿಕಕ್ಕೆ ಮರಳಿದ ಮೇಲೆ.

ಟೆಟರ್‌ಬರೋ ಇರುವ ನ್ಯೂಜೆರ್ಸಿಯ ಸರ್ಕಾರ, ಫಿಟ್ಜ್‌ಪ್ಯಾಟ್ರಿಕ್‌ನ ಮೊದಲ ಕಳವಾಗಿ 47 ವರ್ಷಕ್ಕೆ, 2003ರಲ್ಲಿ ಒಂದು ನಿಯಮ ಹೊರಡಿಸಿತು. ನಿಲ್ಲಿಸಿದ ವಿಮಾನಕ್ಕೆ ಎರಡೆರಡು ಬೀಗ ಕಡ್ಡಾಯ. 24 ಗಂಟೆಗಿಂತ ಹೆಚ್ಚು ನಿಂತರೆ ಮಾತ್ರ.