ಗಾಲಿಗೆ ಮಂಕು ಬಡಿಸುವವರು

ಮಳೆಗಾಲದಲ್ಲಿ ಗೆಂಡೆಹಳ್ಳಿಯಿಂದ ಬೇಲೂರಿಗೊಮ್ಮೆ ಹೋಗಿ ಬಂದರೆ ಸಾಕು, ಎಂಥ ಕಾರಿನ ಗಾಲಿಯೂ ತಾನಾಗಿಯೇ ಮಂಕಾಗುತ್ತದೆ. ಕಾಸಿನ ಖರ್ಚಿಲ್ಲ. ಆದರೂ ನಮ್ಮಕ್ಕನ ಮಗ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ನಾಲ್ಕು ಹಳೇ ಅಲಾಯ್ ಗಾಲಿ ಹೊತ್ತು ತಂದು, ಕಾಫಿ ಕಣದ ಮೂಲೆಯಲ್ಲಿ ಹರಡಿಕೊಂಡು, ಅವುಗಳ ಹೊಳಪು ತೆಗೆಯಲು ಕೂತಿದ್ದಾನೆ.

“ಏನೋ ಇದು?”

“ಮ್ಯಾಟ್ ಫಿನಿಶ್ ಮಾವ. ಸುಮ್ನೆ ಡೀಸೆಂಟಾಗಿರ್ಬೇಕು. ಎದ್ದು ಕಾಣ್ಬಾರ್ದು.”

“ಕಾಣ್ಬಾರ್ದು ಅಂದ್ಮೇಲೆ ಇಷ್ಟ್ಯಾಕೋ ಒದ್ದಾಡ್ತೀಯ?”

“ನಿಮಗೆ ಗೊತ್ತಾಗಲ್ಲ ಬಿಡಿ ಮಾವ.”

ಹೇಗೆ ಗೊತ್ತಾಗಬೇಕು ಹೇಳಿ. ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನ ಗುಡಿ ಕಟ್ಟಿಸಿದ ತಾಲ್ಲೂಕು ನಮ್ಮದು. ಅಲ್ಲಿನ ನವರಂಗದ ಕಂಬಗಳನ್ನು ತಿರುಗಣೆಗೆ ಕೊಟ್ಟು, ಬಳಪದ ಕಲ್ಲನ್ನು ಉಜ್ಜಿ ಉಜ್ಜಿ ಮಿಂಚಿಸಿದ್ದಾರೆ. ಹಳೇಬೀಡಿನ ನಂದಿಯ ಮೈ ಇವತ್ತಿಗೂ ಥಳಥಳ. 2023ರಲ್ಲಿ ಯುನೆಸ್ಕೋದವರೂ ಒಪ್ಪಿ ಈ ಗುಡಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಕಲ್ಲಿಗೇ ಹೊಳಪು ತಂದವರ ನೆಲದಲ್ಲಿ ಹೊಳೆಯುತ್ತಿದ್ದ ಲೋಹಕ್ಕೆ ಮಂಕು ಬಡಿಸುವ ಮೊಮ್ಮಕ್ಕಳು ಹುಟ್ಟಿದ್ದಾರೆ!

ಆದರೆ ಹುಡುಗನ ಶ್ರದ್ಧೆ ದೊಡ್ಡದು. ಮೊದಲು ಸೋಪು ನೀರಲ್ಲಿ ತೊಳೆದು, ಒಳಮೈಯಲ್ಲಿ ಅಂಟಿದ್ದ ಬ್ರೇಕಿನ ಕರಿ ಧೂಳು ಕೆರೆದ. ಬಿರುಕೇನಾದರೂ ಇದೆಯಾ ಅಂತ ಬಿಸಿಲಿಗೆ ಹಿಡಿದು ನೋಡಿದ. ಇದ್ದಿದ್ದರೆ ಅದು ನೇರ ಗುಜರಿಗೆ. ಪುಟ್ಟಿ ಮೆತ್ತಿ ಮುಚ್ಚುವ ವಿಷಯವಲ್ಲ. ಫುಟ್‌ಪಾತಿಗೆ ಉಜ್ಜಿ ತರಚಿದ ಅಂಚಿಗೆ ಮಾತ್ರ ಪುಟ್ಟಿ. ಆಮೇಲೆ 120ರ ಎಮರಿ ಕಾಗದದಿಂದ ಶುರುವಾಗಿ 240, 400, 600ರವರೆಗೆ ಉಜ್ಜಾಟ. ಇದೇ ಹುಡುಗನಿಗೆ ಅಕ್ಕ “ಆ ತಾಮ್ರದ ಹಂಡೆ ಬೆಳಗಿಕೊಡೋ” ಅಂದರೆ ಸೊಂಟ ನೋವು ಬರುತ್ತದೆ.

ಟೈರಿಗೆ ಬಣ್ಣ ತಾಗಬಾರದಲ್ಲ, ಅದಕ್ಕೆ ರಿಮ್ಮಿನ ಸುತ್ತ ಇಸ್ಪೀಟ್ ಎಲೆ ಸಿಕ್ಕಿಸಿದ. ಭಾವನ ಕಟ್ಟು. ರಾಜ, ರಾಣಿ, ಗುಲಾಮ ಎಲ್ಲರೂ ಬೂದು ಬಣ್ಣ ಮೆತ್ತಿಸಿಕೊಂಡು ನಿಂತರು. ಭಾವ ಆ ರಾತ್ರಿ ಊಟದ ಹೊತ್ತಿನಲ್ಲೂ ಮಾತಾಡಲಿಲ್ಲ.

ನನ್ನನ್ನೂ ಬಿಡದೆ ಪಾಠ ಹೇಳಿದ. ಅಲ್ಯೂಮಿನಿಯಂ ಗಾಳಿ ಸೋಕಿದ ಕೂಡಲೇ ತೆಳು ಆಕ್ಸೈಡ್ ಪೊರೆ ಹೊದ್ದುಕೊಳ್ಳುತ್ತದಂತೆ. ಅದರ ಮೇಲೆ ಬರೀ ಬಣ್ಣ ಹೊಡೆದರೆ ಚಕ್ಕೆಚಕ್ಕೆಯಾಗಿ ಏಳುತ್ತದೆ, ಹಾಗಾಗಿ ಮೊದಲು ಎಚಿಂಗ್ ಪ್ರೈಮರ್. ನಂತರ ಬೂದು ಬಣ್ಣ, ತೆಳುವಾಗಿ, ಆರಲು ಬಿಟ್ಟು ಬಿಟ್ಟು. ಕೊನೆಗೆ ಮ್ಯಾಟ್ ಕ್ಲಿಯರ್. ನುಣ್ಣಗಿನ ಮೈಯಿಂದ ಬೆಳಕು ಒಂದೇ ದಿಕ್ಕಿಗೆ ಚಿಮ್ಮುತ್ತದೆ, ಅದೇ ಹೊಳಪು. ಮ್ಯಾಟಿನಲ್ಲಿ ಬೆರೆಸಿದ ಸಿಲಿಕಾ ಪುಡಿಯಿಂದ ಮೇಲ್ಮೈ ಕಣ್ಣಿಗೆ ಕಾಣದಷ್ಟು ತರಿತರಿಯಾಗಿ ಬೆಳಕು ದಿಕ್ಕಾಪಾಲಾಗುತ್ತದೆ. ಇಷ್ಟು ಭೌತಶಾಸ್ತ್ರ ಪಿಯುಸಿಯಲ್ಲಿ ಬಂದಿದ್ದರೆ ಅಂತ ಅಕ್ಕ ಒಳಗಿಂದಲೇ ನಿಟ್ಟುಸಿರು ಬಿಟ್ಟಳು. ಆಷಾಢದಲ್ಲಿ ಈ ಕೆಲಸ ಕೂಡದು. ತೇವದ ಗಾಳಿಗೆ ಬಣ್ಣ ಬೆಳ್ಳಗೆ ಮಸುಕಾಗುತ್ತದೆ. ಅದಕ್ಕೇ ಕಾಫಿ ಒಣಗಿಸುವ ಬಿಸಿಲನ್ನೇ ಕಾದಿದ್ದಾನೆ, ಕಣದಲ್ಲಿ ಪಾಲನ್ನೂ ಕೇಳಿದ್ದಾನೆ.

ಇದರ ಸಾಕಾಣಿಕೆಯೂ ಸುಲಭವಲ್ಲ. ಪಾಲಿಶ್, ಮೇಣ ಹಚ್ಚುವಂತಿಲ್ಲ, ಹಚ್ಚಿದರೆ ಅಲ್ಲಲ್ಲಿ ಮಿರುಗುತ್ತದೆ. ಗೀರು ಬಿದ್ದರೆ ಉಜ್ಜಿ ತೆಗೆಯುವಂತಿಲ್ಲ, ಮತ್ತೆ ಬಣ್ಣವೇ ಗತಿ. ಬಿಂಕವಿಲ್ಲದಂತೆ ಕಾಣಲು ಇಷ್ಟೊಂದು ಬಿಂಕ.

ಎಲ್ಲ ಮುಗಿಸಿ ಬೇಲೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸಿದರೆ, ಟೀ ಅಂಗಡಿಯವನು ಬಗ್ಗಿ ನೋಡಿ ಕೇಳಿದ್ದು: “ಯಾಕಣ್ಣ, ಗಾಲಿ ತೊಳೆದೇ ಇಲ್ವಾ?”

ಹುಡುಗನಿಗೆ ಬೇಜಾರಾಯಿತು. ನನಗೇನೋ ಆ ಗಾಲಿ ಚೆನ್ನಾಗಿಯೇ ಕಾಣುತ್ತಿದೆ. ಅವನೆದುರು ಹೇಳಿಲ್ಲ, ಅಷ್ಟೆ. ನಿಮ್ಮ ಮನೆಯಲ್ಲೂ ಇಂಥವನೊಬ್ಬನಿದ್ದರೆ ರೇಗಿಸಿ, ಪರವಾಗಿಲ್ಲ. ಆದರೆ ನಟ್ಟು ಕೂರುವ ಗುಳಿಗಳಿಗೆ ಬಣ್ಣ ಮೆತ್ತದಂತೆ ನೋಡಿಕೊಳ್ಳಿ, ಬಣ್ಣ ಕುಸಿದರೆ ನಟ್ಟು ಸಡಿಲವಾಗುತ್ತದೆ. ಗಾಲಿ ಹಾಕಿ ಐವತ್ತು, ನೂರು ಕಿಲೋಮೀಟರ್ ಓಡಿಸಿದ ಮೇಲೆ ಸ್ಪ್ಯಾನರ್ ಕೈಗೆ ಕೊಟ್ಟು ಇನ್ನೊಂದು ಸಲ ಬಿಗಿ ಮಾಡಿಸಿ.