ಆಧಾರವರ್ಗ ಮಾಹಾತ್ಮ್ಯ: ಅಪಾಯಾನುಪಾತ ಕೋಷ್ಟಕದ ಒಂದು ಶಾಸ್ತ್ರೀಯ ವಿವೇಚನೆ

ಬದುಕುಳಿವಿನ ವಿಶ್ಲೇಷಣೆಯ ಕೋಷ್ಟಕದಲ್ಲಿ ಅತ್ಯಂತ ಪ್ರಭಾವಶಾಲಿಯಾದದ್ದು ಅಲ್ಲಿ ಕಾಣಿಸದ ವರ್ಗ. ಅದೇ ಆಧಾರವರ್ಗ. ಅದಕ್ಕೆ ಪಿ-ಮೌಲ್ಯವಿಲ್ಲ, ವಿಶ್ವಾಸಾಂತರವಿಲ್ಲ, ಎಷ್ಟೋ ಸಲ ಸ್ವಂತದ್ದೊಂದು ಸಾಲೂ ಇಲ್ಲ. ಕೆಲವರು ದಾಕ್ಷಿಣ್ಯಕ್ಕೆ 1.00 ಎಂದು ಅಚ್ಚು ಹಾಕಿಸುತ್ತಾರೆ. ನಿರ್ಗುಣವಾಗಿದ್ದುಕೊಂಡೇ ಉಳಿದೆಲ್ಲರ ಗುಣಾವಗುಣಗಳನ್ನು ನಿರ್ಧರಿಸುವ ತತ್ತ್ವ ವೇದಾಂತಿಗಳಿಗೆ ಹೊಸದಲ್ಲ. ಡೇವಿಡ್ ಕಾಕ್ಸ್ 1972ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೂಲ ಅಪಾಯದ ಸ್ವರೂಪವನ್ನು ಹೇಳದೆಯೇ ಲೆಕ್ಕ ಮುಗಿಸುವ ಮಾದರಿಯನ್ನು ಕೊಟ್ಟರು.

ಯಾವುದೇ ಒಂದು ಕ್ಷಣದವರೆಗೆ ಬದುಕುಳಿದವರಲ್ಲಿ ಆ ಕ್ಷಣದಲ್ಲಿ ಸಾವು ಸಂಭವಿಸುವ ದರವೇ ಅಪಾಯ. ಒಂದು ವರ್ಗದ ಅಪಾಯವನ್ನು ಆಧಾರವರ್ಗದ ಅಪಾಯದಿಂದ ಭಾಗಿಸಿದರೆ ಅಪಾಯಾನುಪಾತ. ಇದರ ವ್ಯಾಖ್ಯಾನಕಾರರಲ್ಲಿ ಎರಡು ಪಂಥಗಳು ಪ್ರಬಲವಾಗಿವೆ. ಕಾಲವಾದಿಗಳ ಪ್ರಕಾರ ಅನುಪಾತ 2 ಎಂದರೆ ಆಯುಷ್ಯ ಅರ್ಧ. ಇದು ತಪ್ಪು, ಅನುಪಾತ ದರದ್ದು, ದಿನಗಳದ್ದಲ್ಲ. ನಕ್ಷತ್ರವಾದಿಗಳು ಸಂಖ್ಯೆಯನ್ನು ನೋಡುವುದೇ ಇಲ್ಲ; ಪಿ-ಮೌಲ್ಯ ಎಷ್ಟು ಚಿಕ್ಕದೆಂದು ಸೂಚಿಸಲು ಪಕ್ಕದಲ್ಲಿ ಹಾಕಿದ ನಕ್ಷತ್ರಗಳನ್ನು ಎಣಿಸಿ ಫಲ ಹೇಳುತ್ತಾರೆ.

ಉದಾಹರಣೆಗೆ ಅಮೆರಿಕದ ಮಾಜಿ ಸೈನಿಕರ ಆಡಳಿತ ಇಲಾಖೆಯ ಶ್ವಾಸಕೋಶ ಕ್ಯಾನ್ಸರ್ ಪ್ರಯೋಗ. ಇದರಲ್ಲಿ 137 ರೋಗಿಗಳು, ನಾಲ್ಕು ಬಗೆಯ ಜೀವಕೋಶಗಳು. ಚಿಕಿತ್ಸೆ, ವಯಸ್ಸು, ದೈಹಿಕ ಸ್ಥಿತಿ ಮೊದಲಾದವುಗಳನ್ನೂ ಮಾದರಿಗೆ ಸೇರಿಸಿ, ಸ್ಕ್ವಾಮಸ್ ಬಗೆಯನ್ನು ಆಧಾರವಾಗಿಟ್ಟರೆ ಸಣ್ಣಕೋಶಕ್ಕೆ 2.37, ಅಡೆನೊಗೆ 3.31, ದೊಡ್ಡಕೋಶಕ್ಕೆ 1.49 ಬರುತ್ತದೆ. ಸಣ್ಣಕೋಶ ಘೋರವೆಂದು ವರದಿ ಸಿದ್ಧವಾಗುತ್ತದೆ. ಈಗ ಅಡೆನೊಗೆ ಪಟ್ಟ ಕಟ್ಟಿದರೆ ಅದೇ ಸಣ್ಣಕೋಶ 2.37 ಭಾಗಿಸು 3.31, ಅಂದರೆ 0.72ಕ್ಕೆ ಇಳಿದು, ಆತುರದ ಓದುಗನ ಕಣ್ಣಿಗೆ ರಕ್ಷಾಕವಚವಾಗಿ ತೋರುತ್ತದೆ. ಒಬ್ಬ ರೋಗಿಯ ಒಂದು ದಿನವೂ ಹೆಚ್ಚುಕಡಿಮೆಯಾಗಿಲ್ಲ. ಬದಲಾದದ್ದು ಛೇದ ಮಾತ್ರ. ಭಾಗಾಕಾರದಿಂದ ಹೊಸ ಅನುಪಾತ ಸಿಕ್ಕರೂ ಅದರ ವಿಶ್ವಾಸಾಂತರ ಹಾಗೆ ಸಿಗುವುದಿಲ್ಲ. ಅದಕ್ಕೆ ಗುಣಾಂಕಗಳ ಸಹವಿಚಲನೆಯೂ ಬೇಕು.

ಪಟ್ಟಕ್ಕೆ ಅರ್ಹತೆ ಯಾವುದೆಂಬ ಪ್ರಶ್ನೆಗೆ ಆರ್ ತಂತ್ರಾಂಶದ ಉತ್ತರ ಸರಳ: ಬೇರೆ ಅಪ್ಪಣೆಯಾಗದಿದ್ದಲ್ಲಿ ಪಠ್ಯರೂಪದ ವರ್ಗಗಳ ಪೈಕಿ ಅಕ್ಷರಾನುಕ್ರಮದಲ್ಲಿ ಮೊದಲಿನದು. ಹಾಜರಿ ಪಟ್ಟಿಯ ಮೊದಲ ಹೆಸರಿನವನನ್ನೇ ತರಗತಿಯ ಮುಖಂಡನನ್ನಾಗಿಸುವ ಪದ್ಧತಿಯಿದು. ವೈದ್ಯಕೀಯವಾಗಿ ಅರ್ಥವುಳ್ಳ, ಸಾಕಷ್ಟು ಜನರಿರುವ ವರ್ಗವನ್ನು ಆರಿಸಬೇಕೆಂಬ ಮತವೂ ಉಂಟು; ಅದಕ್ಕೆ ಯೋಚನೆ ಬೇಕಾದ್ದರಿಂದ ಅನುಯಾಯಿಗಳು ಕಡಿಮೆ. ನಾಲ್ಕೇ ಜನರಿರುವ ‘ಇತರೆ’ ಸಿಂಹಾಸನವೇರಿದರೆ ಅದರೊಂದಿಗೆ ಹೋಲಿಸಲಾಗುವ ಎಲ್ಲ ವರ್ಗಗಳ ವಿಶ್ವಾಸಾಂತರಗಳೂ ಊದಿಕೊಳ್ಳುತ್ತವೆ, ನಕ್ಷತ್ರವಾದಿಗಳಿಗೆ ಅಮಾವಾಸ್ಯೆ.

ವರ್ಗಗಳಿಗೆ 1, 2, 3, 4 ಎಂದು ಸಂಕೇತ ಕೊಟ್ಟು, ಅವು ಸಂಕೇತಗಳೆಂದು ಯಂತ್ರಕ್ಕೆ ತಿಳಿಸದೆ ಬಿಡುವುದು ಇನ್ನೊಂದು ಸಂಪ್ರದಾಯ. ಆಗ ಪ್ರತಿ ಮೆಟ್ಟಿಲಿಗೂ ಒಂದೇ ಅನುಪಾತ. ಮೇಲಿನ ಬಗೆಗಳು ಅದೇ ಅನುಕ್ರಮದಲ್ಲಿ 1, 2.37, 3.31, 1.49 ಎಂದು ಏರಿ ಇಳಿಯುತ್ತಿದ್ದರೂ ಮಾದರಿ ಒಂದೇ ದಿಕ್ಕಿನ ಏಣಿ ಹಾಕಿಕೊಂಡು ಗಂಭೀರವಾಗಿ ಹತ್ತುತ್ತದೆ.

ಇಷ್ಟೆಲ್ಲವೂ ಅನುಪಾತ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ಆಗಿರುತ್ತದೆಂಬ ನಂಬಿಕೆಯ ಮೇಲೆ ನಿಂತಿದೆ. ಮೇಲಿನ ಶ್ವಾಸಕೋಶ ಕ್ಯಾನ್ಸರ್ ಪ್ರಯೋಗದ ದತ್ತಾಂಶದಲ್ಲೇ ದೈಹಿಕ ಸ್ಥಿತಿಯ ಕಾರ್ನಾಫ್ಸ್ಕಿ ಅಂಕ ಈ ನಂಬಿಕೆಗೆ ದ್ರೋಹ ಬಗೆಯುತ್ತದೆ. ಅದರ ಪ್ರಭಾವ ದಿನ ಕಳೆದಂತೆ ಕ್ಷೀಣಿಸುತ್ತದೆ. ಆದರೆ ಅದು ಅಂಕ, ವರ್ಗವಲ್ಲ. ಆದ್ದರಿಂದ ಪ್ರಸ್ತುತ ವಿವೇಚನೆಯ ವ್ಯಾಪ್ತಿಗೆ ಬರುವುದಿಲ್ಲ.